ವಿಶಾಖಾ ತುಂಬಿದ ಬಿಟ್ಟ ಸ್ಥಳ

ಹೋದ ಗುರುವಾರ ವಿಶಾಖಾ ವಿಜಯಪುರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕಾಮಾಲೆ ವಿಪರೀತಕ್ಕೆ ಹೋಗಿತ್ತು.

ತಿಕೋಟಾದ ಶೆಡ್ಡೊಂದರಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಅವಳದು. ಸಂಜೆ ಬಸ್ಸು ಹಿಡಿದು ಇಬ್ರಾಹಿಂಪುರದ ನಮ್ಮ ಮನೆಗೆ ಬರುತ್ತಿದ್ದಳು. ಇಬ್ಬರೂ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೆವು. ಅವಳಿಗೆ ನಲವತ್ತು ತುಂಬುವುದರಲ್ಲಿತ್ತು. ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಅವಕಾಶ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಬಂದರೆ ಕೆಳಗಿನ ನಾಲ್ಕು ಉತ್ತರಗಳ ಮೇಲೆ ಅಂಗೈ ಮುಚ್ಚುತ್ತಿದ್ದಳು. ವಾಕ್ಯವನ್ನಷ್ಟೇ ಓದಿ, ಸುಳಿವು ಕೊಡುವ ಪದಕ್ಕೆ ಗೆರೆ ಎಳೆದು, ತನ್ನದೊಂದು ಪದ ಹೇಳಿ, ಆಮೇಲೆ ಕೈ ತೆಗೆಯುತ್ತಿದ್ದಳು. ನಾನು ಅವಸರ ಮಾಡಿದರೆ ಬೈಗುಳ.

"ಲೇ ಶೈಲಾ, 'ಆದರೂ' ಅಂತ ಬಂತಂದ್ರ ವಾಕ್ಯ ಹೊಳ್ಳತೈತಿ. ನೀ ನೋಡಿದ್ರ ನೆಟ್ಟಗ ಹೊಂಟು ಹೊಲದಾಗ ಬೀಳ್ತಿ."

ಪರೀಕ್ಷೆಯಲ್ಲಿ ಬಂದ ವಾಕ್ಯ ಇದು: "ಕೊನೆಗೂ ಮೋಡ ಕವಿಯಿತು, ರೈತನ ಮುಖ ____." ಅಂಗೈ ಮುಚ್ಚಿ ಯೋಚಿಸಿದಾಗ ಅವಳಿಗೆ ಕಂಡದ್ದು ತಿಕೋಟಾ. ದ್ರಾಕ್ಷಿ ಒಣಗಲು ಹಾಕಿದ ದಿನಗಳಲ್ಲಿ ಮೋಡ ಕವಿದರೆ ಅಲ್ಲಿ ಮಾಲು ಕಪ್ಪಾಗುತ್ತದೆ, ಆರಿಸುವವರ ಕೆಲಸವೂ ನಿಲ್ಲುತ್ತದೆ. 'ಬಾಡಿತು' ಎಂದು ಗುರುತಿಸಿ ಬಂದಳು. ಕೀ ಉತ್ತರದಲ್ಲಿ 'ಅರಳಿತು' ಎಂದಿತ್ತು. ಲೆಕ್ಕ ಹಾಕಿದೆವು. ಆ ಒಂದು ಅಂಕ ಸಿಕ್ಕಿದ್ದರೆ ನೌಕರಿಯ ಆಸೆ ಇತ್ತು.

"ಆಕ್ಷೇಪಣಿ ಹಾಕು. ದ್ರಾಕ್ಷಿ ಬೆಳೆಯಾಂವ ರೈತ ಅಲ್ಲೇನು?" ಎಂದೆ.

"'ಕೊನೆಗೂ' ಅಂದಾರಲ್ಲೇ. ಹಾದಿ ಕಾದವ್ರಷ್ಟ ಹಂಗ ಅಂತಾರ. ಕೀ ಉತ್ತರ ಖರೇ ಐತಿ. ನಾನ ವಾಕ್ಯ ಬಿಟ್ಟು ಶೆಡ್ಡಿಗೆ ಹೋದ್ನಿ."

ಅದೇ ವಾರ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಆಕ್ಷೇಪಣೆಗೆ ಕೊನೆಯ ದಿನ, ಅವಳನ್ನು ಕೇಳದೆ ನನ್ನ ಫೋನಿನಲ್ಲಿ ಅದನ್ನು ಪೂರ್ತಿ ಬರೆದು, ಕಳಿಸುವುದೊಂದನ್ನೇ ಬಾಕಿ ಬಿಟ್ಟು, ಹೋಗಿ ತೋರಿಸಿದೆ. ಅವಳ ಕಣ್ಣುಗಳು ಪೂರ್ತಿ ಹಳದಿಯಾಗಿದ್ದವು. ಆದರೂ ಓದಿದಳು.

"ಸುಳ್ಳು ವಾದ ಹೂಡೀಯಲ್ಲೇ," ಎಂದು ಫೋನು ತಿರುಗಿ ಕೊಟ್ಟಳು.

ಅವಳ ತಾಯಿ ಪರಸವ್ವ ಕಾಲ ಬಳಿ ಕೂತಿದ್ದರು. ಮಗಳ ಪಾದ ಸವರುತ್ತಾ, "ಪರೀಕ್ಷಿ ಹೋದ್ರ ಹೋಗಲಿ ಬಿಡ, ಯವ್ವಾ. ಆರಾಮಾದ ಮ್ಯಾಲ ಶೆಡ್ ಐತೆಲ್ಲಾ, ಅಲ್ಲೇ ಹೋದ್ರಾತು," ಎಂದರು.

ವಿಶಾಖಾ ಕೈ ಚಾಚಿ ಫೋನು ತೆಗೆದುಕೊಂಡಳು, 'ಕಳಿಸಿ' ಎಂಬಲ್ಲಿ ಹೆಬ್ಬೆರಳಿಟ್ಟು ಒತ್ತಿದಳು.