ಹೆಂಚಿನ ಕೆಳಗಿನ ಗರಿ ಗುಡ್ಲು

ಹಸಿ ತೆಂಗಿನ ಗರಿ ಕಡಿದು ಮನೆಯೊಳಗೆ ತಂದಿಟ್ಟರೆ ಒಂದು ವಾಸನೆ ಬರುತ್ತದೆ. ಹುಲ್ಲಿನದ್ದೂ ಅಲ್ಲ, ಎಳನೀರಿನದ್ದೂ ಅಲ್ಲ, ಎರಡರ ನಡುವಿನದು. ಈ ವಾರವೆಲ್ಲ ನಮ್ಮ ಮನೆ ತುಂಬ ಅದೇ ವಾಸನೆ. ನನಗೆ ಅದರ ಹಿಂದೆಯೇ ಲೋಬಾನದ ಹೊಗೆ, ಫಿನಾಯಿಲು, ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡ ಒಬ್ಬ ಹೆಂಗಸು... ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಸಂತೋಷ ಜಾಸ್ತಿಯಾದರೆ ನನಗೆ ಮಾತು ನಿಲ್ಲೋದಿಲ್ಲ. ಮಗನ ಮಗಳು ಹೆಣ್ಣು ಮಗು ಹೆತ್ತಿದ್ದಾಳೆ. ನಾನು ಮುತ್ತಜ್ಜಿ ಆಗಿದ್ದೇನೆ. ಕಂಡವರಿಗೆಲ್ಲ ಸಕ್ಕರೆ ಹಂಚಿದೆ, ಬಸ್ಸಿನ ಕಂಡಕ್ಟರಿಗೂ ಹಿಡಿ ತುಂಬ ಕೊಟ್ಟೆ. ಆದರೆ ಮೊದಲ ಹಿಡಿ ಸಲ್ಲಬೇಕಾದದ್ದು ಆ ಹೆಂಗಸಿಗೆ. ಹಿರಿಯೂರಿನ ಹಳೇ ಆಸ್ಪತ್ರೆಯಲ್ಲಿ ಅವಳು ಆಯಾ. ಎಲ್ಲರೂ ಆಯಮ್ಮ ಅಂತಿದ್ದರು, ನಾನೂ ಹಾಗೇ ಅಂತಿದ್ದೆ. ಹೆಸರು ಏನಂತ ಕೇಳಬೇಕು ಅಂತ ಆ ವಯಸ್ಸಿನಲ್ಲಿ ಹೊಳೆಯಲೇ ಇಲ್ಲ.

ನಮ್ಮದು ಧರ್ಮಪುರದ ಕಡೆಯ ಹಟ್ಟಿ. ಕುರಿ, ಶೇಂಗಾ, ಇವೆರಡೇ ನಮ್ಮ ಬದುಕು. ನಮ್ಮ ಹಟ್ಟಿ ದೇವರಿಗೆ ಸೂತಕ ಆಗೋದಿಲ್ಲ. ಅದಕ್ಕೆ ಹೆತ್ತ ಹೆಂಗಸು ಮಗು ಕಟ್ಟಿಕೊಂಡು, ಸೂತಕ ಕಳೆಯೋ ತನಕ ಹಟ್ಟಿಯ ಹೊರಗೆ, ಜಾಲಿ ಮರದ ಹತ್ತಿರ, ತೆಂಗಿನ ಗರಿಯ ಗುಡ್ಲಿನಲ್ಲಿ ಇರಬೇಕು. ಬಿಸಿಲಿರಲಿ, ಗಾಳಿಯಿರಲಿ, ಮಳೆಯಿರಲಿ. ನನ್ನ ಅವ್ವ ಇದ್ದಳು, ನನ್ನತ್ತೆ ಇದ್ದಳು, ನಾನೂ ಇದ್ದೆ. ನನ್ನ ಮೊದಲ ಮಗು ಆ ಗುಡ್ಲಿನಲ್ಲೇ ಹುಟ್ಟಿತು. ಆ ಸಲ ಮಳೆ ಹಿಡಿದುಕೊಂಡಿತ್ತು. ಮಗು ಉಳಿಯಲಿಲ್ಲ... ಅದರ ಮಾತು ಇಷ್ಟೇ ಸಾಕು.

ಎರಡನೆಯದಕ್ಕೆ ದಿನ ತುಂಬುತ್ತಿದ್ದಂಗೆ ನನ್ನವ್ವ ಯಾರಿಗೂ ಹೇಳದೆ ಕೇಳದೆ ನನ್ನನ್ನು ಹಿರಿಯೂರಿನ ಬಸ್ಸು ಹತ್ತಿಸಿಬಿಟ್ಟಳು. ಆಸ್ಪತ್ರೆ ನೋಡಿ ನನಗೆ ಹೆದರಿಕೆಯಾಯಿತು. ಮಹಾರಾಜರ ಕಾಲದ್ದಂತೆ. ಕಲ್ಲಿನ ಗೋಡೆ, ಕಮಾನಿನ ಬಾಗಿಲು, ಮೇಲೆ ಕೆಂಪು ಹೆಂಚು. ಇಷ್ಟು ಎತ್ತರದ ಸೂರು ಯಾರಿಗೆ ಬೇಕು, ಇಲ್ಲಿ ದೇವರಿದ್ದಾನೋ ಏನೋ ಅಂತ ನಾನು ಚಪ್ಪಲಿ ಹೊರಗೇ ಬಿಟ್ಟಿದ್ದೆ. ಆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳು ನನ್ನ ಹೊಟ್ಟೆ ನೋಡಿದಳು, ಬರಿಗಾಲು ನೋಡಿದಳು. ಚಪ್ಪಲಿ ಹಾಕ್ಕೊಳೇ, ನೀನು ಪೂಜೆಗೆ ಬಂದಿಲ್ಲ ಅಂತ ಬೈದಳು. ಆ ಬೈಗುಳ ಕೇಳಿದ್ದೇ ನನ್ನ ಹೆದರಿಕೆ ಅರ್ಧ ಇಳಿಯಿತು.

ಮಗ ಹುಟ್ಟಿದ. ಸುದ್ದಿ ಹಟ್ಟಿಗೆ ಮುಟ್ಟಿತು. ನಮ್ಮ ಮಾವ, ಹಟ್ಟಿಯ ಯಜಮಾನರನ್ನು ಕರೆದುಕೊಂಡು ಕಂಬಳಿ ಹೊದ್ದು ಬಂದರು. ಗುಡ್ಲು ಹಾಕಿ ಆಗೈತೆ, ಬಾಣಂತೀನ ಕಳಿಸಿಕೊಡ್ರಿ ಅಂದರು. ಆಗಲೂ ಮೋಡ ಕಟ್ಟಿತ್ತು. ನಾನು ಮಗೂನ ಅವಚಿಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ಅವ್ವ ಅಳುತ್ತಿದ್ದಳು. ಆಯಮ್ಮ ಅವರ ಹತ್ತಿರ ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಜಗಳ ಏನೂ ಆಡಲಿಲ್ಲ. ಗುಡ್ಲು ತಾನೆ ಬೇಕಾಗಿರೋದು, ಸಂಜೆಗೆ ಬರ್ರಿ ಅಂತ ಅವರನ್ನು ಸಂತೆ ಕಡೆಗೆ ಕಳಿಸಿದಳು.

ಆಮೇಲೆ ಆಸ್ಪತ್ರೆ ಹಿತ್ತಲಿನ ತೆಂಗಿನ ಮರದಿಂದ ಗರಿ ಕೆಡವಿಸಿದಳು. ನನ್ನವ್ವನನ್ನೂ ಕೂರಿಸಿಕೊಂಡು ಇಬ್ಬರೂ ಹೆಣೆದರು. ಹಿಂದಿನ ಪಡಸಾಲೆಯ ಮೂಲೆಯಲ್ಲಿ ನಾಕು ಗಳ ನಿಲ್ಲಿಸಿ, ಗರಿ ಹೊದಿಸಿ, ನನ್ನನ್ನೂ ಮಗೂನೂ ಅದರೊಳಗೆ ಮಲಗಿಸಿದಳು. ಕೆಳಗೆ ಕಲ್ಲಿನ ಹಾಸು, ಪಕ್ಕದಲ್ಲಿ ಕಲ್ಲಿನ ಗೋಡೆ, ಮೇಲೆ ಹೆಂಚು, ಅದರ ಕೆಳಗೆ ನಮ್ಮ ಗುಡ್ಲು.

ಯಜಮಾನರು ಬಂದು ನೋಡಿ ನಿಂತೇಬಿಟ್ಟರು. ಗುಡ್ಲು ಹಟ್ಟಿಯ ಹೊರಗಿರಬೇಕಲ್ಲಮ್ಮ ಅಂದರು ಒಬ್ಬರು. ನಿಮ್ಮ ಹಟ್ಟಿ ಇಲ್ಲಿಂದ ಎಲ್ಲೈತೆ ತೋರಿಸ್ರಿ ಅಂದಳು ಆಯಮ್ಮ. ಅವರು ಕೈಯೆತ್ತಿ ಧರ್ಮಪುರದ ಕಡೆ ತೋರಿಸಿದರು, ತೋರಿಸಿದ ಕೈ ಅವರೇ ಕೆಳಗಿಳಿಸಿದರು. ಇನ್ನೊಬ್ಬರು ಮೇಲೆ ನೋಡಿ, ಹೆಂಚು ಐತಲ್ಲಾ ಅಂದರು. ಆಯಮ್ಮ ಎಲೆಅಡಿಕೆ ಉಗಿದು ಬಂದು, ಸಮಾಧಾನವಾಗಿ ಹೇಳಿದಳು:

"ಗುಡ್ಲಿನ ಮೇಲೆ ಆಕಾಶ ಇದ್ರೆ ತಪ್ಪಿಲ್ಲ, ಹೆಂಚಿದ್ರೆ ತಪ್ಪೇನ್ರಿ ಯಜಮಾನ್ರೆ?"

ನಮ್ಮ ಮಾವ ಮೊದಲು ತಲೆ ಕೆರೆದುಕೊಂಡರು, ಆಮೇಲೆ ಕಂಬಳಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ದೇವರಿಗೆ ಸೂತಕ ಮುಟ್ಟಲಿಲ್ಲ, ಸೊಸೆಗೆ ಮಳೆ ಮುಟ್ಟಲಿಲ್ಲ. ಆ ಮಳೆ ಎಂಥಾದ್ದು ಗೊತ್ತಾ... ಹೆಂಚಿನ ಮೇಲೆ ಸುರಿಯೋದು ಕೇಳಿಸಿಕೊಂಡು ನಾನು ಗರಿ ಗುಡ್ಲಿನಲ್ಲಿ ಬೆಚ್ಚಗೆ ನಿದ್ದೆ ಮಾಡಿದೆ.

ಆ ಗುಡ್ಲನ್ನು ಆಯಮ್ಮ ಕೀಳಲೇ ಇಲ್ಲ. ನಮ್ಮ ಸುತ್ತಿನ ಹಟ್ಟಿಗಳಿಂದ ಒಬ್ಬಳಾದ ಮೇಲೆ ಒಬ್ಬಳು ಬಾಣಂತಿ ಬರತೊಡಗಿದಳು. ಗರಿ ಒಣಗಿದರೆ ಆಯಮ್ಮ ಹೊಸದು ಹೊದಿಸುತ್ತಿದ್ದಳು. ಡಾಕ್ಟರು ಒಂದು ಸಲ, ಇದೇನಮ್ಮ ಆಸ್ಪತ್ರೆಯೊಳಗೆ ಅಂತ ಕೇಳಿದರಂತೆ. ಬಾಣಂತಿಗೆ ಗಾಳಿ ಹೊಡೀಬಾರದು ಸಾರ್ ಅಂದಳಂತೆ. ಅವರು ಮತ್ತೆ ಕೇಳಲಿಲ್ಲ, ದಿನಾ ಬಗ್ಗಿಕೊಂಡು ಗುಡ್ಲೊಳಗೆ ಬಂದು ನೋಡಿ ಹೋಗುತ್ತಿದ್ದರು. ಬೆಳಗಿನ ಹೊತ್ತು ಆಯಮ್ಮ ಹಿತ್ತಲಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗೂನ ಹಾಕಿಕೊಂಡು ನೀರು ಹಾಕೋಳು. ಆಮೇಲೆ ಲೋಬಾನದ ಹೊಗೆ. ನನ್ನ ಮಗ ಆ ಹೊಗೆಗೆ ಕಣ್ಣು ಮುಚ್ಚಿ ಬಾಯಿ ತೆರೆಯೋನು. ಕುರಿ ಮರಿ ಥರ ಮಾಡ್ತಾನೆ ನೋಡು ಅಂತ ನಗೋಳು.

ನನ್ನ ಮಗ ದೊಡ್ಡವನಾಗೋ ಹೊತ್ತಿಗೆ ಆಸ್ಪತ್ರೆ ಊರಾಚೆಯ ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿ ಹೆರಿಗೆ ಚೆನ್ನಾಗಿ ಮಾಡುತ್ತಾರೆ, ಆದರೆ ಸೂತಕ ಕಳೆಯೋ ತನಕ ಯಾರನ್ನು ತಾನೆ ಇಟ್ಟುಕೊಳ್ಳುತ್ತಾರೆ? ಹೆತ್ತು ಬಂದವರು ಮತ್ತೆ ಜಾಲಿ ಮರದ ಗುಡ್ಲಿಗೇ ಬಂದರು. ಬೇರೆ ಹಟ್ಟಿಗಳಲ್ಲಿ ಎಷ್ಟೋ ಕಡೆ ಬಿಟ್ಟಿದ್ದಾರೆ. ನಮ್ಮಲ್ಲಿ ಬಿಟ್ಟಿರಲಿಲ್ಲ.

ಈಗ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಅವಳನ್ನು ಕೊಟ್ಟಿರೋದು ನಮ್ಮ ಹಟ್ಟಿಯಲ್ಲೇ, ಪೂಜಾರಿ ಮನೆಗೆ. ಪೂಜಾರಿ ಮನೆಯವರು ಹೂಂ ಅಂದರೆ ಹಟ್ಟಿಯೆಲ್ಲ ಹೂಂ ಅನ್ನುತ್ತದೆ, ಅವರು ಊಹೂಂ ಅಂದರೆ ಮುಗೀತು. ಆ ಮನೆಯಲ್ಲಿ ಮಾತು ನಡೆಯೋದು ನಮ್ಮ ಬೀಗಿತ್ತಿಯದು, ಅಂದರೆ ಮೊಮ್ಮಗಳ ಅತ್ತೆಯದು. ಕೆಟ್ಟವಳಲ್ಲ. ಸೊಸೆಗೆ ಮಾವಿನಕಾಯಿ ಹುಡುಕಿ ತಂದುಕೊಟ್ಟವಳು. ಆದರೆ ದೇವರಿಗೆ ಹೆದರುತ್ತಾಳೆ. ಹೆದರಿಕೆಯ ಹತ್ತಿರ ಏನು ವಾದ ಮಾಡ್ತೀರಿ? ಮೊಮ್ಮಗಳ ಹೊಟ್ಟೆ ಬೆಳೆದಂಗೆ ನನಗೆ ಊಟ ಸೇರದಂಗಾಯಿತು. ಆ ಜಾಲಿ ಮರದ ಕಡೆ ನೋಡೋಕೇ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಹಳೇ ಆಸ್ಪತ್ರೆ ಕೆಡವುತ್ತಾರಂತೆ, ಅಂಗಡಿ ಮಳಿಗೆ ಕಟ್ಟುತ್ತಾರಂತೆ ಅಂತ ಸುದ್ದಿ ಬಂತು. ಬಸುರಿಗೆ ಉಡಿಸೋ ಕುಬುಸದ ಸೀರೆ ತರೋಣ ಬರ್ರಿ ಬೀಗಿತ್ತಿಯೋರೇ ಅಂತ ಅವಳನ್ನು ಹಿರಿಯೂರಿಗೆ ಹೊರಡಿಸಿದೆ. ಸೀರೆ ತಗೊಂಡ ಮೇಲೆ, ಒಂದು ಜಾಗ ತೋರಿಸ್ತೀನಿ ಅಂತ ಕರೆದುಕೊಂಡು ಹೋದೆ.

ಮುಂದಿನ ಬಾಗಿಲಿಗೆ ಬೀಗ. ಕಾಂಪೌಂಡು ಕುಸಿದ ಕಡೆಯಿಂದ ಒಳಗೆ ಹೋದೆವು. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದರು. ಕಿಟಕಿಯ ಬಾಗಿಲು ಒಂದೂ ಇರಲಿಲ್ಲ, ಒಳಗೆಲ್ಲ ಬಾವಲಿ ನಾತ. ಕಮಾನಿನ ಸಂದಿಯಲ್ಲಿ ಬೇವಿನ ಸಸಿ ಬೆಳೆದು ನಿಂತಿತ್ತು. ನನ್ನ ಮಂಚ ಇದ್ದ ಕೋಣೆಯಲ್ಲಿ ಸೂರು ಬಿದ್ದು ಬಿಸಿಲು ಕೂತಿತ್ತು. ಇನ್ನು ಹಿಂದಿನ ಪಡಸಾಲೆ ಏನಾಗಿದೆಯೋ ಅಂತ ಹೆದರಿಕೊಂಡೇ ಹೋದೆ. ಅಲ್ಲಿ ಹೆಂಚು ಹಾಗೇ ಇತ್ತು. ಯಾರದೋ ಮೇಕೆ ಒಂದು, ಎರಡು ಮರಿ ಹಾಕಿಕೊಂಡು ಸರಿಯಾಗಿ ನಮ್ಮ ಗುಡ್ಲಿದ್ದ ಮೂಲೆಯಲ್ಲೇ ಮಲಗಿತ್ತು.

"ನೋಡ್ರಿ, ಇದೂ ಬಾಣಂತಿ. ಇದ್ಕೂ ಜಾಗ ಗೊತ್ತಾಗೈತೆ" ಅಂದೆ.

ಬೀಗಿತ್ತಿ ನಗಲಿಲ್ಲ. ಆ ಮೂಲೆಯ ಗೋಡೆ ಇನ್ನೂ ಕರ್ರಗಿತ್ತು, ಲೋಬಾನದ ಹೊಗೆಗೆ. ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ನಾನು ಎಲ್ಲ ಹೇಳಿದೆ. ಗರಿ ಕೆಡವಿಸಿದ್ದು, ಯಜಮಾನರು ಬಂದದ್ದು, ಆಯಮ್ಮ ಅಂದ ಮಾತು. ಇಲ್ಲಿದ್ದವರಿಗೆ ದೇವರು ಏನೂ ಮಾಡಲಿಲ್ಲವಾ ಅಂತ ಮೆಲ್ಲಗೆ ಕೇಳಿದಳು.

"ನಿಮ್ಮ ಬೀಗ, ನನ್ ಮಗ, ಇಲ್ಲೇ ಕಣ್ರಿ ಹುಟ್ಟಿದ್ದು. ದೇವ್ರು ಏನ್ ಮಾಡೈತೆ ಅವ್ನಿಗೆ? ಹೊಟ್ಟೆ ಒಂದು ಮುಂದಕ್ಕೆ ತಂದೈತೆ, ಅಷ್ಟೇಯ."

ಆಗಲೂ ನಗಲಿಲ್ಲ. ನೆಲದ ಮೇಲೆ ಕುಂತಳು. ಮೇಕೆ ಮರಿಗಳ ಕಡೆ ನೋಡುತ್ತಾ ಅಂದಳು: "ನನ್ ಮಗ ಹುಟ್ಟಿದಾಗ ಗಾಳೀಗೆ ಗರಿ ಎಲ್ಲ ಹಾರೋದ್ವು ಯಮ್ಮ. ಮಗೂ ಮ್ಯಾಲೆ ನಾನೇ ಬಗ್ಗಿ ಕುಂತಿದ್ದೆ, ನಾನೇ ಗುಡ್ಲಾಗಿ. ಇದ್ನ ಯಾರ್ಗೂ ಹೇಳಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಅಷ್ಟು ಬಿಟ್ಟು ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಸ್ಸಿನಲ್ಲೂ ಕಿಟಕಿ ಕಡೆ ಮುಖ ಮಾಡಿ ಕುಂತಿದ್ದಳು.

ಹೆರಿಗೆ ಹೊಸ ಆಸ್ಪತ್ರೆಯಲ್ಲಿ ಆಯಿತು. ಮನೆಗೆ ಕಳಿಸಿದ ದಿನ ಆಟೋದಲ್ಲಿ ಮೊಮ್ಮಗಳು, ಮಗು, ನಾನು. ಹಟ್ಟಿ ಹತ್ತಿರ ಬಂತು. ದೂರದಿಂದಲೇ ಕಂಡಿತು, ಜಾಲಿ ಮರದ ಕೆಳಗೆ ಬೀಗಿತ್ತಿ ನಿಂತಿದ್ದಳು. ಮೊಮ್ಮಗಳು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು. ಆಟೋದವನು ನಿಧಾನ ಮಾಡಿದ. ಬೀಗಿತ್ತಿ ಹತ್ತಿರ ಬಂದು ಸೆರಗು ಸರಿಸಿ ಮಗೂನ ಮುಖ ನೋಡಿದಳು, ನೆಟಿಗೆ ಮುರಿದಳು. ಆಮೇಲೆ ಆಟೋದವನಿಗೆ ಅಂದಳು:

"ಇಲ್ಯಾಕೆ ನಿಂತ್ಕಂಡೆ? ಮನೆತಾವ ಹೋಗಪ್ಪ."

ಆಗ ನಾನು ಮರದ ಕೆಳಗೆ ನೋಡಿದೆ. ಗುಡ್ಲು ಇರಲಿಲ್ಲ. ಉಸಿರು ಬಿಟ್ಟೆ ನೋಡಿ, ಎಷ್ಟು ವರ್ಷದಿಂದ ಹಿಡಿದಿದ್ದ ಉಸಿರೋ ಅದು.

ಬಾಣಂತನ ತವರಿನಲ್ಲಿ, ಅಂದರೆ ನಮ್ಮ ಮನೆಯಲ್ಲಿ. ಒಳಗಿನ ಕೋಣೆಗೆ ಹೋದರೆ ಮಂಚದ ಎರಡೂ ಕಡೆಯಿಂದ ಹಸಿ ತೆಂಗಿನ ಗರಿ ನಿಲ್ಲಿಸಿ, ತುದಿ ಸೇರಿಸಿ ಕಟ್ಟಿದ್ದರು. ಬೀಗಿತ್ತಿ ಬೆಳಿಗ್ಗೆಯೇ ತಮ್ಮ ಮರದ್ದು ಕಡಿಸಿ, ತಾನೇ ಹೊತ್ತು ತಂದಿದ್ದಳಂತೆ. ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಸುಮ್ಮನಿರಲಾರದೆ ಕೆಣಕಿದೆ, ಗುಡ್ಲೇನೋ ಆಯಿತು ಬೀಗಿತ್ತಿಯೋರೇ, ಮೇಲೆ ಆರ್‌ಸಿಸಿ ಐತಲ್ಲಾ ಅಂತ.

"ಆಕಾಶ ಇದ್ರೆ ತಪ್ಪಿಲ್ಲ, ಆರ್‌ಸಿಸಿ ಇದ್ರೆ ತಪ್ಪಾ?" ಅಂದಳು, ಮಗೂನ ಮಲಗಿಸುತ್ತಾ.

ಆಯಮ್ಮನಿಗೆ ಇದನ್ನು ಹೇಳಬೇಕಿತ್ತು. ಆಸ್ಪತ್ರೆ ಬಿಟ್ಟ ಮೇಲೆ ಚಿತ್ರದುರ್ಗದ ಕಡೆ ನೆಂಟರ ಮನೆಗೆ ಹೋದಳು ಅಂತ ಕೇಳಿದ್ದೆ. ಒಂದು ಸಲ ಕಂಬಳಿ, ಶೇಂಗಾ ಕಟ್ಟಿಕೊಂಡು ಹುಡುಕಿಕೊಂಡು ಹೋಗಿದ್ದೆ. ಹೆಸರೇ ಗೊತ್ತಿಲ್ಲದೆ ಯಾರನ್ನ ಅಂತ ಕೇಳೋದು... ಕಂಬಳಿ ವಾಪಸ್ ತಂದೆ. ಈಗ ಬದುಕಿರಲಾರಳು. ಹಳೇ ಆಸ್ಪತ್ರೆಯನ್ನು ಕೆಡವುತ್ತಾರೆ ಅಂತ ಕೆಲವರು, ಇಲ್ಲ ರಿಪೇರಿ ಮಾಡಿಸುತ್ತಾರೆ ಅಂತ ಕೆಲವರು. ಉಳಿದರೆ ನನಗಿಂತ ಸಂತೋಷಪಡುವವರಿಲ್ಲ. ಬಿದ್ದರೆ ಆ ಮೂಲೆಯ ಕರ್ರಗಿನ ಗೋಡೆ ನೆನೆಸಿಕೊಂಡು ಒಂದು ದಿನ ಅಳುತ್ತೇನೆ. ಆದರೆ ಮೊಮ್ಮಗಳ ಹೊಟ್ಟೆ ಬೆಳೆಯುವಾಗ ಇದ್ದ ಹೆದರಿಕೆ ಈಗಿಲ್ಲ.

ಇಲ್ಲಿ ಗರಿ ಒಣಗುತ್ತಾ ಬಂದಿದೆ, ವಾಸನೆ ಕಡಿಮೆಯಾಗುತ್ತಿದೆ. ಹೊರಗೆ ಗಾಳಿ ಎದ್ದಿದೆ. ಮಗು ಮಲಗಿದೆ, ಬಾಯಿ ತೆರೆದುಕೊಂಡು, ಥೇಟ್ ಅದರ ತಾತನ ಹಂಗೆ. ಆ ಕಂಬಳಿ ಇಷ್ಟು ವರ್ಷ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ತೆಗೆದು ಮಗುವಿಗೆ ಹೊದಿಸಿದ್ದೇನೆ.