ಸೈಲೆನ್ಸರಿಗೆ ಹಚ್ಚಿದ ಬೆಳ್ಳಿ ಬಣ್ಣ

ಹದಿನೆಂಟು ರೂಪಾಯಿ ಕೊಟ್ಟು ತಂದ ಬಣ್ಣವದು. ಶಹಾಬಾದಿನ ಗಾಳಿಯಲ್ಲಿ ದಿನವಿಡೀ ಹಾಸುಗಲ್ಲಿನ ದೂಳು ತೇಲುತ್ತಿದ್ದ ಆ ಕಾಲದಲ್ಲಿ ಅಷ್ಟು ದುಡ್ಡಿಗೆ ಮಾಮೂಲಿ ಬಣ್ಣದ ಮೂರು ಡಬ್ಬಿ ಬರುತ್ತಿದ್ದವು. ನಾವು ಕೊಂಡದ್ದು ಒಂದೇ ಡಬ್ಬಿ, ಕಾವು ತಡೆಯುವ ಬಣ್ಣದ್ದು. ಅಪ್ಪನನ್ನು ಒಪ್ಪಿಸಿದವಳು ಹನ್ನೊಂದು ವರ್ಷದ ನಾನು.

ಅಪ್ಪ ಹಳೆಯ ಡೀಸೆಲ್ ಎಂಜಿನ್ ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದ. ಕೆಲಸದಲ್ಲಿ ಕೂದಲಷ್ಟೂ ತಪ್ಪಿರುತ್ತಿರಲಿಲ್ಲ. ಆದರೆ ಮಳಖೇಡದ ಗೌಡರೊಬ್ಬರು ಹೊಳೆದಂಡೆಯ ಹೊಲಕ್ಕೆ ಒಯ್ದ ಎಂಜಿನ್ನಿನ ಬಣ್ಣ ತಿಂಗಳೊಳಗೆ ಹಪ್ಪಳದಂತೆ ಎದ್ದು, ತುಕ್ಕು ಹಿಡಿಯಿತು. “ಮ್ಯಾಲೇ ಹಿಂಗಿದ್ರ ಒಳಗ ಏನಿಟ್ಟಾನೋ” ಎಂಬ ಮಾತು ಸೇಡಂ ತನಕ ಹೋಯಿತು. ಗಿರಾಕಿಗಳು ಬರುವುದು ನಿಂತಿತು. ಕೊನೆಗೆ ಆ ಗೌಡರ ತಮ್ಮನೇ ತಮಗೊಂದು ಎಂಜಿನ್ ಬೇಕೆಂದು ಹೇಳಿ ಕಳಿಸಿದರು: “ಒಂದು ತಾಸು ನನ್ನ ಎದುರಿಗೆ ಓಡಿಸು, ಆಮ್ಯಾಲ ಮಾತು.” ಅವರು ಬೇಡವೆಂದರೆ ಅಪ್ಪನ ಹೆಸರು ಅಲ್ಲಿಗೇ ಮುಗಿದಂತೆ.

ನಾನು ಬಣ್ಣದಂಗಡಿಯ ಕರೀಂ ಚಾಚಾನ ಹತ್ತಿರ ಹೋದೆ.

“ಚಾಚಾ, ಡಬ್ಬಿ ತಳದಾಗ ಉಳಿದದ್ದು ಮೂರು ಥರದ್ದು ಕೊಡ್ರಿ. ಪರೀಕ್ಷಾ ಮಾಡ್ತೀನಿ.”

“ಬಣ್ಣ ನೋಡ್ಲಿಕ್ಕ ಬಂದೀಯೋ, ವರ ನೋಡ್ಲಿಕ್ಕ ಬಂದೀಯೋ ಬೇಟಿ?”

“ವರ ಹ್ಯಾಂಗಿದ್ರೂ ನಡೀತದ ಚಾಚಾ, ಬಣ್ಣ ಸುಡಬಾರದು.”

ಮೂರು ತಗಡಿನ ಮುಚ್ಚಳಗಳಿಗೆ ಹಚ್ಚಿ, ಒಣಗಿಸಿ, ಅವ್ವ ಜೋಳದ ರೊಟ್ಟಿ ಬಡಿಯುವ ಹೊತ್ತಿಗೆ ಒಲೆಯ ಮೇಲಿಟ್ಟೆ. ಕೆಂಪು ಬಣ್ಣ ಬೊಬ್ಬೆ ಎದ್ದಿತು. ಕಪ್ಪು ಬಣ್ಣ ಬೆಲ್ಲದ ಪಾಕದಂತೆ ಮೆತ್ತಗಾಯಿತು. “ರೊಟ್ಟಿಗೆಲ್ಲ ವಾಸನಿ ಹತ್ತ್ಯದ, ಎತ್ತು ಆಚೀಗೆ!” ಎಂದು ಅವ್ವ ಕೂಗಿದಳು. ಬೆಳ್ಳಿ ಬಣ್ಣ ಮೊದಲು ಹೊಗೆಯಾಡಿ ಆಮೇಲೆ ಗಟ್ಟಿಯಾಯಿತು, ಆದರೆ ಅರ್ಧ ಮಾತ್ರ. ಇನ್ನರ್ಧ ಸಿಪ್ಪೆಯಂತೆ ಎದ್ದು ಬಂತು. ಆ ಅರ್ಧವನ್ನು ನಮ್ಮೂರ ಮಿಸ್ತ್ರಿಗಳೆಲ್ಲ ಮಾಡುವಂತೆ ಸೀಮೆಎಣ್ಣೆಯಲ್ಲಿ ಒರೆಸಿದ್ದೆ. ಗಟ್ಟಿಯಾಗಿ ನಿಂತದ್ದನ್ನು ಜಿಡ್ಡಿನ ಪಾತ್ರೆ ತೊಳೆದಂತೆ ಬಿಸಿನೀರು, ಒಗೆಯುವ ಸೋಡಾದಲ್ಲಿ ತಿಕ್ಕಿದ್ದೆ.

ಅಪ್ಪ ಮುಚ್ಚಳವನ್ನು ಬಹಳ ಹೊತ್ತು ತಿರುವಿ ನೋಡಿದ. “ಇಷ್ಟು ವರ್ಷ ಎಣ್ಣಿ ಮ್ಯಾಲ ಬಣ್ಣ ಹಚ್ಚೀವೇನವಾ ನಾವು?”

ಬೆಳ್ಳಿ ಬಣ್ಣದ ಡಬ್ಬಿಗೆ ಚಾಚಾ ಇಪ್ಪತ್ತು ಹೇಳಿದ್ದನ್ನು ನಾನೇ ಹದಿನೆಂಟಕ್ಕೆ ಇಳಿಸಿದೆ. ಕಲ್ಲು ಪಾಲಿಶ್ ಮಾಡುವ ಮಶೀನುಗಳಿಗೆ ರಜೆಯಿದ್ದ ದಿನ, ದೂಳು ಕೂರದಂತೆ, ಸೈಲೆನ್ಸರಿಗೂ ಎಂಜಿನ್ನಿನ ಹೆಡ್ಡಿಗೂ ತೆಳುವಾಗಿ ಎರಡು ಸಲ ಹಚ್ಚಿದೆವು.

ಹೇಳಿ ಕಳಿಸಿದ್ದ ಗೌಡರು ಬಂದರು. ಎಂಜಿನ್ ಶುರುವಾಗಿ ಸ್ವಲ್ಪ ಹೊತ್ತಿಗೇ ಸೈಲೆನ್ಸರಿನ ಮೈಯಿಂದ ಹೊಗೆ ಎದ್ದಿತು. ಅವರು ಟವೆಲ್ ಕೊಡವಿ ಎದ್ದರು. “ಮತ್ತ ಅದೇ ಕಥಿ! ನಾ ಹೊಂಟೆ ಮಿಸ್ತ್ರಿ.” ನಾನು ಅಡ್ಡ ಬಂದೆ.

“ಗೌಡ್ರೇ, ಕುಂದ್ರಿ. ಬಣ್ಣ ಸುಡಾಕತ್ತಿಲ್ಲ, ಗಟ್ಟಿ ಆಗಾಕತ್ತದ. ಚಹಾ ಮುಗಿಯೋದ್ರಾಗ ಹೊಗಿ ನಿಲ್ತದ.”

“ನಿಲ್ಲಲಿಲ್ಲಂದ್ರ?”

“ಎಂಜಿನ್ ಪುಕ್ಕಟ ಒಯ್ರಿ.”

ಅಪ್ಪ ನನ್ನನ್ನು ನುಂಗುವಂತೆ ನೋಡಿದ. ಗೌಡರು ಕೂತರು. ಎರಡನೇ ಕಪ್ಪಿಗೆ ಹೊಗೆ ನಿಂತಿತು. ತಾಸು ಮುಗಿದು ಎಂಜಿನ್ ಆರಿದ ಮೇಲೆ ಗೌಡರು ತಮ್ಮ ಕೀಲಿಕೈಯಿಂದ ಗೀಚಿದರು. ಗೆರೆ ಬಿತ್ತೇ ಹೊರತು ಒಂದು ಚೂರೂ ಏಳಲಿಲ್ಲ. ದುಡ್ಡು ಎಣಿಸಿ ಕೊಡುತ್ತ ಕೇಳಿದರು:

“ಮಿಸ್ತ್ರಿ ನೀನೋ, ಈಕಿನೋ?”

“ಎಂಜಿನ್ ನಂದ್ರಿ. ಬಣ್ಣ ಈಕೀದು,” ಎಂದ ಅಪ್ಪ, ಓಣಿಗೆಲ್ಲ ಕೇಳುವಂತೆ.

ಈಗ ಎಂಜಿನ್ ಸಾಮಾನಿನ ಸ್ವಂತ ಅಂಗಡಿ ನನ್ನದು. ತಳದ ಬಣ್ಣ ಕೊಟ್ಟು ನೋಡು ಎನ್ನುವ ಚಾಚಾ ಇಲ್ಲ. ತಾಸುಗಟ್ಟಲೆ ಎದುರಿಗೆ ಕೂತು ಪರೀಕ್ಷಿಸುವ ಗಿರಾಕಿಯೂ ಇಲ್ಲ. ಫೋಟೊ ನೋಡಿ ದರ ಕೇಳುತ್ತಾರೆ. ನೀವಾದರೂ ಬಣ್ಣ ಕೊಳ್ಳುವಾಗ ಹೊಳಪು ನೋಡಬೇಡಿ, ಎಷ್ಟು ಕಾವು ತಡೆಯುತ್ತದೆ ಎಂದು ಕೇಳಿ. ಜಿಡ್ಡು ಪೂರ್ತಿ ತೆಗೆದು, ಒಣಗಿಸಿ, ತೆಳುವಾಗಿ ಹಚ್ಚಿ. ಮತ್ತೆ, ಮೊದಲ ಹೊಗೆಯನ್ನು ಗಿರಾಕಿ ಬರುವ ಮುಂಚೆಯೇ ಬಿಟ್ಟು ಮುಗಿಸಿ. ಎಲ್ಲ ಗೌಡರೂ ಎರಡನೇ ಕಪ್ಪಿನ ತನಕ ಕೂರುವುದಿಲ್ಲ.