ಇಂಥ ಊರು, ಇಂಥ ನಂಬರು

ನನ್ನ ಅಕ್ಷರ ತುಂಬಾ ಚೆನ್ನಾಗಿತ್ತು. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಮುಂದೆ ಆದ ಫಜೀತಿಗೆಲ್ಲ ಅದೇ ಮೂಲವಾದ್ದರಿಂದ ಹೇಳದೆ ವಿಧಿಯಿಲ್ಲ. ಮಂಚೇನಹಳ್ಳಿಯ ಶಾಲೆಯಲ್ಲಿ ಮೇಷ್ಟರು ನನ್ನ ಕಾಪಿ ಪುಸ್ತಕವನ್ನು ತರಗತಿಗೆಲ್ಲ ಎತ್ತಿ ತೋರಿಸುತ್ತಿದ್ದರು. ಅಂದಿನಿಂದ, ನಾನು ಬರೆದದ್ದು ಯಾರಿಗಾದರೂ ಅರ್ಥವಾಗದಿದ್ದರೆ ಅದು ಓದಿದವರ ತಪ್ಪು ಎಂದೇ ನಂಬಿಕೊಂಡು ಬೆಳೆದೆ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚಿಂತಾಮಣಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ನಮ್ಮ ಎಕ್ಸ್‌ಚೇಂಜ್ ಎಂದರೆ ಒಂದು ಕೋಣೆ, ಒಂದು ಬೋರ್ಡು, ಎರಡು ಎತ್ತರದ ಸ್ಟೂಲು. ಊರಿನಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನ ಮೇಲೆ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ಅಲ್ಲಿಗೆ ಒಂದು ಪ್ಲಗ್ಗು ಚುಚ್ಚಿ, ಯಾರು ಬೇಕೆಂದು ಕೇಳಿ, ಬೇಕಾದವರ ತೂತಿಗೆ ಇನ್ನೊಂದು ಪ್ಲಗ್ಗು ಚುಚ್ಚಬೇಕು. ಪರಊರು ಬೇಕೆಂದರೆ ಚಿಕ್ಕಬಳ್ಳಾಪುರದ ಆಪರೇಟರನ್ನು ಕರೆದು ಕೇಳಬೇಕು. ಯಾವ ಮಾತಾದ ಮೇಲೆ ಯಾವ ಮಾತು ಎಂಬುದಕ್ಕೆಲ್ಲ ನಿಯಮವಿತ್ತು. ಅದು ಇಂಗ್ಲಿಷಿನ ಒಂದು ದಪ್ಪ ಪುಸ್ತಕದಲ್ಲಿತ್ತು, ಆ ಪುಸ್ತಕದ ಮೇಲೆ ನಮ್ಮ ಸೂಪರ್‌ವೈಸರು ಕೂತಿರುತ್ತಿದ್ದರು. ಅವರ ಕುರ್ಚಿ ಸ್ವಲ್ಪ ತಗ್ಗು.

ಅಲ್ಲಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಳು. ಶಿಡ್ಲಘಟ್ಟದ ಮುಸ್ಲಿಮರ ಮನೆಯವಳು, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಮೂರು ತಿಂಗಳಾದ ಮೇಲೆ ದೊಡ್ಡ ಆಫೀಸರು ಬಂದು ನೋಡಿ ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಅವಳ ಮನೆತನದಲ್ಲಿ ಹಿಂದೆ ಯಾವ ಹೆಣ್ಣುಮಗಳೂ ನೌಕರಿಗೆ ಹೋದವಳಲ್ಲ. ದೊಡ್ಡಪ್ಪಂದಿರೆಲ್ಲ ಬೇಡವೆಂದಾಗ ಅವಳ ತಂದೆಯೊಬ್ಬರೇ ಗಟ್ಟಿಯಾಗಿ ನಿಂತು ಕಳಿಸಿದ್ದರು. "ಮೂರು ತಿಂಗಳು ನಮ್ಮ ಅಬ್ಬಾ ಮಾತು ನಡಿಯುತ್ತೆ ಅಕ್ಕ, ಆಮೇಲೆ ಎಲ್ಲರಿಗೂ ಕಾಯಂ ಅನ್ನೋ ಕಾಗದ ತೋರಿಸ್ಬೇಕು" ಎಂದು ಅವಳೇ ಹೇಳಿದಳು.

ಅವಳಿಗೆ ಕಲಿಸುವ ಕೆಲಸ ನನಗೆ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ. ಎರಡು ಭಾನುವಾರ ಕೂತು, ಪ್ರತಿಯೊಂದು ಬಗೆಯ ಕರೆಗೂ ಒಂದೊಂದು ಮಾದರಿ ಕೊಟ್ಟು, ಕನ್ನಡದಲ್ಲಿ ಹನ್ನೆರಡು ಪುಟ ಬರೆದೆ. ಮುತ್ತು ಪೋಣಿಸಿದ ಹಾಗೆ ಅಕ್ಷರ. ತೆಲುಗು ಮನೆಮಾತಿನ ನಮ್ಮ ಸೂಪರ್‌ವೈಸರು ನೋಡಿ, "ಏಮಮ್ಮಾ, ಮದುವೆ ಕರೆಯೋಲೆ ಇದ್ದಂಗೈತಲ್ಲ!" ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಕೆಲವು ವಾರ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಬೆಳಿಗ್ಗೆ ಬೋರ್ಡನ್ನು ಅವಳೊಬ್ಬಳಿಗೇ ಬಿಟ್ಟೆ. ಯಾರೋ ಗೌರಿಬಿದನೂರು ಕೇಳಿದರು. ಅವಳು ನನ್ನ ಪುಟ ತೆರೆದಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಸ್ಪಷ್ಟವಾಗಿ ಓದಿದಳು.

"ಹಲೋ ಚಿಕ್ಕಬಳ್ಳಾಪುರ, ಚಿಂತಾಮಣಿ ಮಾತಾಡ್ತಿರೋದು. ಇಂಥ ಊರು, ಇಂಥ ನಂಬರು ಕೊಡಿ."

ಆ ಕಡೆಯವರು "ಯಾವ ಊರಮ್ಮ?" ಎಂದಿರಬೇಕು.

"ಇಂಥ ಊರು" ಎಂದಳು ಇವಳು, ಇನ್ನೂ ಸ್ಪಷ್ಟವಾಗಿ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ತಂತಿಯುದ್ದಕ್ಕೂ ಹರಡಿತ್ತು. ಚಿಕ್ಕಬಳ್ಳಾಪುರದವರು ಕರೆದು "ಏನಮ್ಮಾ ಇಂಥ ಊರು, ಊಟ ಆಯ್ತಾ?" ಎಂದು ಕೇಳಿದರೆ, ಗೌರಿಬಿದನೂರಿನವರು "ಇಂಥ ಊರಲ್ಲಿ ಮಳೆ ಹೆಂಗೆ?" ಎಂದು ಕೇಳಿದರು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮೂರು ಗಂಟೆಗೆ ಒಬ್ಬ ರೇಷ್ಮೆಗೂಡಿನ ವ್ಯಾಪಾರಿ ಬಾಗಿಲಲ್ಲಿ ಬಂದು ನಿಂತರು. ಅವರ ಅಂಗಡಿಯ ನಂಬರು ಇಪ್ಪತ್ಮೂರು.

"ಬೆಳಗ್ಗೆಯಿಂದ ನಾಲ್ಕು ಜನ ಫೋನ್ ಮಾಡಿ ಡಾಕ್ಟ್ರೇ ಡಾಕ್ಟ್ರೇ ಅಂತಾರೆ. ಕೆಮ್ಮು ಅಂದವರಿಗೆ ಮೆಣಸಿನ ಕಷಾಯ ಹೇಳ್ದೆ, ಕೀಲುನೋವಿಗೆ ಎಳ್ಳೆಣ್ಣೆ ಹೇಳ್ದೆ. ಈಗ ಯಾರದೋ ಮಗು ಗುಂಡಿ ನುಂಗಿದೆಯಂತೆ, ಏನ್ ಹೇಳ್ಲಿ ಹೇಳಿ!"

ಮಗುವಿನ ಮನೆಯವರ ಪ್ಲಗ್ಗು ಇನ್ನೂ ಇಪ್ಪತ್ಮೂರರ ತೂತಿನಲ್ಲೇ ಇತ್ತು, ಅದನ್ನು ಕಿತ್ತು ತಕ್ಷಣ ಆಸ್ಪತ್ರೆಯ ಲೈನು ಕೊಟ್ಟೆ. ಗುಂಡಿ ಮಾರನೆಯ ದಿನ ತಾನಾಗಿ ಹೊರಗೆ ಬಂತು. ಆದರೆ ನನ್ನ ಸಿಟ್ಟು ಆಗಲೇ ನೆತ್ತಿಗೇರಿತ್ತು. ಅವಳ ಎದುರಿನಲ್ಲೇ ಸೂಪರ್‌ವೈಸರಿಗೆ, "ಇವಳಿಗೆ ಓದೋಕೇ ಬರಲ್ಲ ಸಾರ್, ಇದು ಇವಳ ಕೈಲಾಗೋ ಕೆಲಸ ಅಲ್ಲ" ಎಂದುಬಿಟ್ಟೆ. ಅವರು ನಿಧಾನದ ಮನುಷ್ಯ, ಆದರೆ ಆ ದಿನ ಮಾತ್ರ ಪೆನ್ನು ತೆಗೆದು ಅವಳ ವರದಿಯಲ್ಲಿ ಅದನ್ನೇ ಬರೆದರು. ಆಫೀಸರು ಬರಲು ಎರಡು ವಾರವಿತ್ತು.

ಹುಡುಗಿ ಅಳಲಿಲ್ಲ. ಹನ್ನೆರಡು ಪುಟಗಳನ್ನೂ ತಂದು ನನ್ನ ಮುಂದೆ ಹರಡಿದಳು.

"ಓದೋಕೆ ಬರುತ್ತೆ ಅಕ್ಕ. ನೀವು ಬರೆದಿದ್ದನ್ನೇ ಓದಿದೀನಿ. ಎರಡನೇ ಪುಟದಲ್ಲಿ ಪೊಲೀಸ್ ಸ್ಟೇಷನ್ ನಂಬರು ನಿಜವಾದ್ದೇ ಬರೆದಿದೀರ. ಐದನೇ ಪುಟದಲ್ಲಿ ಆಸ್ಪತ್ರೆಗೆ ಇಪ್ಪತ್ಮೂರು ಅಂತ ಸುಮ್ನೆ ಬರೆದಿದೀರ. ಒಂದು ಕಡೆ ಇಂಥ ಊರು ಅಂತ ಇದೆ, ಇನ್ನೊಂದು ಕಡೆ ಚುಕ್ಕಿ ಚುಕ್ಕಿ ಇದೆ, ಮತ್ತೊಂದು ಕಡೆ ಕೋಲಾರ ಅಂತ ಇದೆ. ಯಾವುದು ನಾನು ಹೇಳೋದು, ಯಾವುದು ಅವರು ಹೇಳೋದು, ಯಾವುದು ಬದಲಾಯಿಸೋದು? ನನಗೆ ಹೆಂಗೆ ಗೊತ್ತಾಗ್ಬೇಕು?"

ನಾನು ಮೂರನೇ ಪುಟ ನೋಡಿದೆ. "ಯಾರು ಬೇಕು ಕೊಡ್ತೀನಿ ಉತ್ತರ ಬರೋವರೆಗೆ ಕಾಯಿರಿ ಪ್ಲಗ್ಗು ಚುಚ್ಚಿ ಮಾತಾಡಿ" ಎಂದು ಒಂದೇ ಸಾಲಿನಲ್ಲಿ, ಅತ್ಯಂತ ಸುಂದರವಾಗಿ ಬರೆದಿದ್ದೆ. ಅದರಲ್ಲಿ ನುಡಿಯುವುದು ಯಾವುದು, ಮಾಡುವುದು ಯಾವುದು ಎಂದು ನನಗೇ ತಿಳಿಯಲಿಲ್ಲ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಪಟ್ಟಿದ್ದು ಅದೇ ಮೊದಲು.

ಮರುದಿನವೇ ಇಬ್ಬರೂ ಹೊಸದಾಗಿ ಬರೆಯಲು ಕೂತೆವು. ಬೋರ್ಡು ಮಲಗಿರುವ ಮಧ್ಯಾಹ್ನಗಳಲ್ಲಿ ಕೆಲಸ, ಮುಚ್ಚಳ ಬಿದ್ದ ಕೂಡಲೇ ಎದ್ದು ಓಟ. ನಾವು ಹೇಳುವ ಮಾತು ಕಪ್ಪು ಮಸಿಯಲ್ಲಿ, ಆ ಕಡೆಯಿಂದ ಕೇಳುವ ಮಾತು ಕೆಂಪಿನಲ್ಲಿ ಎಂದು ಗೊತ್ತುಮಾಡಿದೆವು. ಇಷ್ಟಕ್ಕೇ ಅರ್ಧ ದಿನ ಜಗಳವಾಯಿತು, ಕೆಂಪು ನಮಗಿರಲಿ ಎಂದು ಅವಳ ಹಟ. ಕೈಯಲ್ಲಿ ಮಾಡುವ ಕೆಲಸಕ್ಕೆ ಬೇರೆಯೇ ಸಾಲು, ಸಾಲಿನ ಮೊದಲಿಗೆ ಒಂದು ಪುಟ್ಟ ಕೈಯ ಚಿತ್ರ. ನಾನು ಬರೆದ ಕೈಗಳು ಬದನೆಕಾಯಿಯಂತೆ ಕಾಣುತ್ತಿದ್ದವು, ಅವಳು ಬಿದ್ದು ಬಿದ್ದು ನಕ್ಕಳು. ಮಾದರಿಗೆ ನಂಬರು ಬೇಕಾದ ಕಡೆ ಊರಿನಲ್ಲಿ ಯಾರಿಗೂ ಇಲ್ಲದ ಸೊನ್ನೆ ಸೊನ್ನೆ. "ಕಾಯಿರಿ" ಎನ್ನುವುದನ್ನು ಮಾತ್ರ ಮಾಡುವ ಸಾಲಿನಿಂದ ತೆಗೆದು ಹೇಳುವ ಸಾಲಿಗೆ ಸೇರಿಸಿದೆವು. ಆಪರೇಟರು ಕಾಯಲಿ ಎಂದು ನಾನು ಬರೆದಿದ್ದನ್ನು ಅವಳು ತಪ್ಪಾಗಿ ಕರೆ ಮಾಡಿದವರಿಗೆಲ್ಲ ಹೇಳಿಬಿಡುತ್ತಿದ್ದಳು, ಹಾಗೆ ಹೇಳಿಸಿಕೊಂಡವರು ಸುಮ್ಮನೆ ಹಿಡಿ ತಿರುಗಿಸಿ ಗಲಾಟೆ ಮಾಡದೆ ನೆಮ್ಮದಿಯಾಗಿ ಕಾಯುತ್ತಿದ್ದರು.

ಬದಲಾಯಿಸಬೇಕಾದ ಮಾತಿಗೆ ಏನು ಗುರುತು ಎಂಬುದು ಉಳಿಯಿತು. ಕಣ್ಣು ಬೋರ್ಡಿನ ಮೇಲಿರುವಾಗ ಪುಟದ ಬಣ್ಣ ಕಾಣುವುದಿಲ್ಲ. ಅವಳು ಮರುದಿನ ಮನೆಯಿಂದ ಹಳದಿ ರೇಷ್ಮೆ ನೂಲು, ಸೂಜಿ ತಂದಳು. "ಇಂಥ ಊರು", "ಸೊನ್ನೆ ಸೊನ್ನೆ" ಎಂದಿದ್ದ ಕಡೆಯೆಲ್ಲ ಅಕ್ಷರದ ಕೆಳಗೆ ಒಂದೊಂದು ಹೊಲಿಗೆ ಹಾಕಿದಳು. ಬೆರಳು ಆಡಿಸಿದರೆ ನೂಲು ತಾಗುತ್ತಿತ್ತು. ತಾಗಿದ ಕಡೆ ನಿಜವಾದ ಊರು, ನಿಜವಾದ ನಂಬರು ಹೇಳಬೇಕು. ಮೊದಲ ಪುಟದಲ್ಲಿ ಹೇಗೋ ಹನ್ನೆರಡನೆಯ ಪುಟದಲ್ಲೂ ಹಾಗೆಯೇ. ನಾನು ಖುಷಿಯಿಂದ ಅವಳ ಕೆನ್ನೆ ಹಿಂಡಿದೆ.

ಆಫೀಸರು ಬಂದ ದಿನ ಅವರ ಕೈಯಲ್ಲಿ ಅವಳ ವರದಿಯಿತ್ತು. ಒಂದು ಗಂಟೆ ಅವಳ ಹಿಂದೆ ನಿಂತರು. ಊರೊಳಗಿನ ಕರೆ, ಪರಊರಿನ ಕರೆ, ಮಧ್ಯದಲ್ಲಿ ಕಡಿದುಹೋದ ಕರೆ, ಒಂದರಲ್ಲೂ ಅವಳು ತಡವರಿಸಲಿಲ್ಲ. ಎಡಗೈ ಬೆರಳು ಪುಟದ ಮೇಲೆ ಹರಿದಾಡುತ್ತಿತ್ತು, ಕಣ್ಣು ಮುಚ್ಚಳಗಳ ಮೇಲಿತ್ತು.

ಅವರು ವರದಿಯನ್ನು ನಮ್ಮ ಕಡೆ ತಿರುಗಿಸಿದರು. "ಓದೋಕೆ ಬರಲ್ಲ, ಕೈಲಾಗಲ್ಲ ಅಂತ ಬರೆದಿದೆ. ಇದು ಯಾರ ಮಾತು?"

ಸೂಪರ್‌ವೈಸರು ಚಾವಣಿ ನೋಡಿದರು. ಸುಮ್ಮನಿದ್ದರೆ ಆ ವಾಕ್ಯ ಹಾಗೇ ಉಳಿಯುತ್ತಿತ್ತು, ಕೆಲಸ ಹೋಗುತ್ತಿತ್ತು.

"ನಂದು ಸಾರ್" ಎಂದೆ. "ಅವಳಿಗೆ ಓದೋಕೆ ಬರ್ತಿತ್ತು. ನನಗೇ ಬರೆಯೋಕೆ ಬರ್ತಿರ್ಲಿಲ್ಲ."

ಆಫೀಸರು ನನ್ನನ್ನು ಒಮ್ಮೆ ನೋಡಿ, ವಾಕ್ಯದ ಮೇಲೆ ಗೀಟು ಎಳೆದು, ಕೆಳಗೆ ಸಹಿ ಹಾಕಿದರು. ಕೆಲಸ ಕಾಯಂ.

ಶಿಡ್ಲಘಟ್ಟದಲ್ಲಿ ಅವಳ ಮನೆಯ ಪಕ್ಕದ ಅಂಗಡಿಗೆ ಒಂದು ಫೋನಿತ್ತು. ಸೂಪರ್‌ವೈಸರೇ ತಮ್ಮ ಮೇಜಿನ ಫೋನನ್ನು ಅವಳ ಕಡೆ ತಳ್ಳಿದರು. ನಾನು ಬೋರ್ಡಿನಲ್ಲಿ ಕೂತು ಕರೆ ಹಾಕಿದೆ. ಅಂಗಡಿಯವರು ಹೋಗಿ ಅವಳ ತಂದೆಯನ್ನು ಕರೆತಂದರು. ಲೈನು ಸರಿಯಾಗಿದೆಯೇ ಎಂದು ನೋಡುವುದು ಆಪರೇಟರ ಕೆಲಸ, ಆ ನೆಪದಲ್ಲಿ ನಾನೂ ಕೇಳಿಸಿಕೊಳ್ಳುತ್ತಿದ್ದೆ.

"ಅಬ್ಬಾ, ಕಾಯಂ ಆಯ್ತು" ಎಂದು ಅವಳು ಉರ್ದುವಿನಲ್ಲಿ ಹೇಳಿದಳು. ಅಷ್ಟು ಉರ್ದು ನನಗೂ ಬರುತ್ತಿತ್ತು.

ಆ ಕಡೆ ಅವಳ ತಂದೆ ಮೂಗು ಏರಿಸಿಕೊಂಡ ಸದ್ದು ಕೇಳಿತು. "ಇನ್ನೊಂದು ಸಲ ಹೇಳು ಮಗಳೇ, ನಿಮ್ಮ ದೊಡ್ಡಪ್ಪಂದಿರೂ ಇಲ್ಲೇ ಬಂದಿದಾರೆ, ಜೋರಾಗಿ ಹೇಳು" ಎಂದರು.

ಅವಳು ಜೋರಾಗಿ ಹೇಳಿದಳು. ಮೂರು ನಿಮಿಷವಾದ ಕೂಡಲೇ ಲೈನು ಬಿಡಿಸಬೇಕು ಎಂಬುದು ನಿಯಮ. ಅವರು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಲೇ ಇದ್ದರು, ನಾನು ಗಡಿಯಾರಕ್ಕೆ ಬೆನ್ನು ಹಾಕಿ ಕೂತೆ.